ಕಾಣದ ಮೃಗದ ಬೇಟೆ

ಹೇರಡವಿಯಲ್ಲಿ ಎಲ್ಕ್ ಎಂಬ ಮೃಗವನ್ನು ಬೇಟೆಯಾಡುವ ಬಗೆಯನ್ನು ಕುರಿತು ನಮಗೆ ದೊರೆತಿರುವ ಹಳೆಯ ಬರಹಗಳಲ್ಲಿ ಒಂದು ರೋಮಿನ ದಂಡನಾಯಕ ಜೂಲಿಯಸ್ ಸೀಸರನದು. ಗಾಲ್ ದೇಶದ ಯುದ್ಧಗಳನ್ನು ಕುರಿತ ತನ್ನ ಗ್ರಂಥದ ಆರನೆಯ ಭಾಗದಲ್ಲಿ, ಕ್ರಿಸ್ತಪೂರ್ವ 53ರ ಸಂಗತಿಗಳನ್ನು ಹೇಳುತ್ತಿರುವಾಗ, ಅವನು ಯುದ್ಧವನ್ನು ಅಷ್ಟಕ್ಕೇ ಬಿಟ್ಟು ಜರ್ಮನರ ನಾಡಿನ ಹರ್ಸೀನಿಯನ್ ಅರಣ್ಯದ ಕಡೆಗೆ ಹೊರಳುತ್ತಾನೆ. ಹೊರೆಯಿಲ್ಲದೆ ನಡೆಯುವವನಿಗೆ ಆ ಕಾಡಿನ ಅಗಲವನ್ನು ದಾಟಲು ಒಂಬತ್ತು ದಿನ ಬೇಕು. ಅರುವತ್ತು ದಿನ ನಡೆದವನೂ ಅದರ ಮೂಡಣ ತುದಿಯನ್ನು ಕಂಡೆನೆಂದು ಹೇಳಲಾರ. ಅಲ್ಲಿರುವ ಎಲ್ಕ್‌ಗಳ ಕಾಲುಗಳಲ್ಲಿ ಕೀಲುಗಳಿಲ್ಲವಂತೆ. ಆದ್ದರಿಂದ ಅವು ಮಲಗಲಾರವು, ಮಲಗಿದರೆ ಏಳಲಾರವು. ನಿದ್ರೆ ಬಂದಾಗ ಮರಕ್ಕೆ ಒರಗಿ ನಿಲ್ಲುತ್ತವೆ. ಬೇಟೆಗಾರರು ಹೆಜ್ಜೆಯ ಜಾಡು ಹಿಡಿದು ಅಂಥ ಮರಗಳನ್ನು ಗುರುತಿಸಿ, ಬೇರಿನ ಬಳಿ ಮುಕ್ಕಾಲುಪಾಲು ಕಡಿದು, ಮರ ನಿಂತಿರುವಂತೆಯೇ ತೋರುವ ಹಾಗೆ ಬಿಟ್ಟುಬರುತ್ತಾರೆ. ರಾತ್ರಿ ಮೃಗವು ಒರಗುತ್ತದೆ. ಮರವೂ ಮೃಗವೂ ಒಟ್ಟಿಗೆ ಉರುಳುತ್ತವೆ.

ಕೇಳಿದವರು ನಗುವುದು ಸಹಜ. ಇದೇ ಕಥೆಯನ್ನು ಪ್ರಾಚೀನರು ಆನೆಯ ವಿಷಯದಲ್ಲಿಯೂ ಹೇಳುತ್ತಿದ್ದರು. ಅರಿಸ್ಟಾಟಲನು ಸೀಸರನಿಗಿಂತ ಮುನ್ನೂರು ವರ್ಷ ಮೊದಲೇ, ಆನೆಯು ಕಾಲು ಮಡಿಸಬಲ್ಲದು ಎಂದು ಅದನ್ನು ಅಲ್ಲಗಳೆದಿದ್ದ. ಸೀಸರನು ತನ್ನ ಸೈನ್ಯದ ಧಾನ್ಯದ ಲೆಕ್ಕವನ್ನೂ ಸೇತುವೆಯ ತೊಲೆಗಳ ಅಳತೆಯನ್ನೂ ನಿಷ್ಠುರವಾಗಿ ಬರೆಯುವ ಮನುಷ್ಯ. ಅಂಥವನು ಇಂಥ ಕಥೆಯನ್ನು ಹೇಗೆ ನಂಬಿದ? ನನಗೆ ತೋರುವಂತೆ ಕಾರಣ ಅವನಲ್ಲಿಲ್ಲ, ಕಾಡಿನಲ್ಲಿದೆ. ಬಯಲಿನ ಬೇಟೆಯಲ್ಲಿ ಮೃಗವನ್ನು ಹತ್ತು ಜನ ನೋಡುತ್ತಾರೆ. ದಟ್ಟಡವಿಯಲ್ಲಿ ಅದು ಯಾರಿಗೂ ಸರಿಯಾಗಿ ಕಾಣುವುದಿಲ್ಲ. ಒಂದು ಸದ್ದು, ಒಂದು ಹೆಜ್ಜೆ, ಎಲೆಗಳ ನಡುವೆ ಮಿಂಚಿ ಮಾಯವಾದ ಒಂದು ಕಂದುಬಣ್ಣ. ಉಳಿದುದನ್ನು ಮಾತು ತುಂಬಿಕೊಡಬೇಕು. ಕಾಡಿನ ಬೇಟೆಯ ಚರಿತ್ರೆಯನ್ನು ಓದುವಾಗಲೆಲ್ಲ ನಾನು ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದಿರುತ್ತೇನೆ: ಇದನ್ನು ಬರೆದವನು ಕಂಡು ಬರೆದನೇ, ಕೇಳಿ ಬರೆದನೇ? ಕಂಡವರು ಬೇರೆ ಯಾರಾದರೂ ಇದ್ದರೆ, ಅವರೆಲ್ಲಿ?

ಸೀಸರನ ಎಲ್ಕ್ ಯುರೋಪಿನ ಬಡಗಣ ಕಾಡುಗಳ ಪ್ರಾಣಿ. ಅಂಗೈಯಂತೆ ಅಗಲವಾದ ಕೊಂಬುಗಳ, ಜೋಲುಮೂತಿಯ, ಕುದುರೆಗಿಂತ ಎತ್ತರವಾದ ಜಿಂಕೆ. ಇಂಗ್ಲೆಂಡಿನಲ್ಲಿ ಇದು ಚರಿತ್ರಪೂರ್ವ ಕಾಲದಲ್ಲಿಯೇ ಅಳಿದುಹೋಗಿತ್ತು. ಮೃಗ ಹೋದರೂ ಅದರ ಹೆಸರು ಇಂಗ್ಲಿಷ್ ಭಾಷೆಯಲ್ಲಿ ಉಳಿಯಿತು. ವಾರಸುದಾರರಿಲ್ಲದ ಮನೆಯಂತೆ ಆ ಶಬ್ದ ಬಹುಕಾಲ ಖಾಲಿಯಿದ್ದು, ದೇಶಾಂತರ ಹೊರಟ ಇಂಗ್ಲಿಷರು ತಾವು ಹೋದಲ್ಲೆಲ್ಲ ಕಂಡ ದೊಡ್ಡ ಜಿಂಕೆಯನ್ನು ಅದರೊಳಗೆ ಕೂರಿಸಿದರು. ಅಮೆರಿಕದಲ್ಲಿ ಆ ಹೆಸರು ಇನ್ನೊಂದು ಜಾತಿಗೆ ಹೋಯಿತು. ಆ ಜಿಂಕೆಯ ಬೆಳ್ಳನೆಯ ಹಿಂಭಾಗವನ್ನು ಕಂಡು ಅಲ್ಲಿಯ ಮೂಲನಿವಾಸಿಗಳು ಅದನ್ನು ವಾಪಿಟಿ ಎಂದು ಕರೆಯುತ್ತಿದ್ದರು. ಆ ಹೆಸರೇ ಎಷ್ಟೋ ಮೇಲು. ಯುರೋಪಿನ ನಿಜವಾದ ಎಲ್ಕ್‌ಗೆ ಅಮೆರಿಕದಲ್ಲಿ ಮೂಸ್ ಎಂಬ ಬೇರೆ ಹೆಸರು. ಸಿಂಹಳದಲ್ಲಿಯೂ ದಕ್ಷಿಣ ಭಾರತದಲ್ಲಿಯೂ ಎಲ್ಕ್ ಎಂದು ಕರೆಸಿಕೊಂಡದ್ದು ಮತ್ತಾವುದೂ ಅಲ್ಲ, ನಮ್ಮ ಕಡವೆ.

ಕಡವೆಗೆ ಹೆಸರಿನ ಬರವೇನೂ ಇರಲಿಲ್ಲ. ಕನ್ನಡದಲ್ಲಿ ಕಡವೆ, ಕಡವ, ಮಲೆನಾಡಿನ ಕೆಲವೆಡೆ ಬರಿಯ ಕಡ, ಸಿಂಹಳೀಯರ ಬಾಯಲ್ಲಿ ಗೋನಾ, ಸಂಸ್ಕೃತದಲ್ಲಿ ಶಂಬರ. ಅಮರಕೋಶದಲ್ಲಿ ಜಿಂಕೆಗಳ ಸಾಲಿನಲ್ಲಿ ಶಂಬರವೂ ಇದೆ. ಉತ್ತರದ ಸಾಂಬರ್ ಎಂಬುದು ಅದರ ರೂಪ. ನಾವು ಊಟಕ್ಕೆ ಬಡಿಸುವ ಸಾಂಬಾರಿಗೂ ಅದಕ್ಕೂ ನಂಟಿಲ್ಲ. 1792ರಲ್ಲಿ ರಾಬರ್ಟ್ ಕೆರ್ ಎಂಬ ವಿದ್ವಾಂಸನು ಸಿಂಹಳದ ಪ್ರಾಣಿಯನ್ನು ಆಧಾರವಾಗಿಟ್ಟುಕೊಂಡು ಇದಕ್ಕೆ ಒಂದೇ ಬಣ್ಣದ್ದು ಎಂಬರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟ. 1823ರಲ್ಲಿ ಫ್ರಾನ್ಸಿನ ಕುವಿಯೇ ಭಾರತದ ಕಡವೆಗೆ ಅರಿಸ್ಟಾಟಲನ ಹೆಸರನ್ನೇ ಇಟ್ಟ. ಅರಿಸ್ಟಾಟಲನು ಪೂರ್ವದೇಶದ ಯಾವುದೋ ಕುದುರೆಜಿಂಕೆಯ ಮಾತನ್ನೆತ್ತಿದ್ದಾನೆ, ಅದು ಇದೇ ಇರಬೇಕು ಎಂಬ ತರ್ಕ ಅದು. ಹೀಗೆ ಗ್ರೀಕ್ ತತ್ತ್ವಜ್ಞಾನಿಯ ಹೆಸರು ಹೊತ್ತ ಪ್ರಾಣಿಯೊಂದು ನಮ್ಮ ಘಟ್ಟಗಳಲ್ಲಿ ಬಿದಿರೆಲೆ ತಿನ್ನುತ್ತಿತ್ತು. ನಮ್ಮ ಹಳೆಯ ಕನ್ನಡ-ಇಂಗ್ಲಿಷ್ ನಿಘಂಟುಗಳಲ್ಲಿ ಇಂದಿಗೂ ಕಡವೆಯ ಮುಂದೆ ಎಲ್ಕ್ ಎಂಬ ಅರ್ಥವಿರುವುದನ್ನು ನೋಡಬಹುದು.

ಈ ಮೃಗದ ಸ್ವಭಾವವನ್ನು ಒಂದಿಷ್ಟು ಹೇಳದೆ ಬೇಟೆಯ ಮಾತು ತಿಳಿಯದು. ಬೆಳೆದ ಗಂಡು 300 ಕಿಲೋಗ್ರಾಮಿಗೂ ಮೀರಿ ತೂಗುವುದುಂಟು. ಕೊಂಬೊಂದಕ್ಕೆ ಸಾಮಾನ್ಯವಾಗಿ ಮೂರು ಕವಲು. ಕತ್ತಿನಲ್ಲಿ ಜಡೆಗೂದಲು. ಚುಕ್ಕಿಜಿಂಕೆಯಂತೆ ದೊಡ್ಡ ಹಿಂಡು ಕಟ್ಟಿ ಬಯಲಿನಲ್ಲಿ ಮೇಯುವ ಪ್ರಾಣಿ ಇದಲ್ಲ. ಒಂಟಿಯಾಗಿಯೋ ಮೂರು ನಾಲ್ಕು ಕೂಡಿಯೋ ಇರುತ್ತದೆ. ಹಗಲೆಲ್ಲ ಮೆಳೆಯ ನೆರಳಿನಲ್ಲಿ ಮಲಗಿ, ಇಳಿಹೊತ್ತಿನ ಮೇಲೆ ಹೊರಟು, ರಾತ್ರಿ ಮೇಯುತ್ತದೆ. ಅಷ್ಟು ದೊಡ್ಡ ದೇಹ ಹೊತ್ತು ತರಗೆಲೆಯ ಮೇಲೆ ಸದ್ದಿಲ್ಲದೆ ಸರಿದುಹೋಗುವುದನ್ನು ಕಂಡವರು ಬೆರಗಾಗುತ್ತಾರೆ. ಕಂಡವರು ಕಡಮೆ ಎಂಬುದೇ ಮಾತಿನ ತಿರುಳು. ಅಪಾಯದ ಸುಳಿವು ಸಿಕ್ಕಿದೊಡನೆ ಮುಂಗಾಲಿನಿಂದ ನೆಲವನ್ನು ಬಡಿದು, ಬಾಲವೆತ್ತಿ, ತುತ್ತೂರಿಯ ಒಂದೇ ಸ್ವರವನ್ನು ಥಟ್ಟನೆ ಊದಿ ನಿಲ್ಲಿಸಿದಂತೆ ಕೂಗುತ್ತದೆ. ಹುಲಿಯ ಇರವನ್ನು ಕಾಡಿಗೆಲ್ಲ ಸಾರುವ ಕೂಗು ಅದು. ಸೀಳುನಾಯಿಗಳು ಅಟ್ಟಿಕೊಂಡು ಬಂದಾಗ ಕಡವೆ ಮಾಡುವ ಕೆಲಸ ಒಂದಿದೆ: ನೀರನ್ನು ಹುಡುಕುತ್ತದೆ. ಹೊಳೆಗೋ ಕೆರೆಗೋ ಇಳಿದು, ತನಗೆ ನೆಲ ಎಟುಕುವ, ನಾಯಿಗಳು ಈಜಬೇಕಾದ ಆಳದಲ್ಲಿ ತಿರುಗಿ ನಿಂತು, ಬಂದವನ್ನು ಮುಂಗೊರಸಿನಿಂದ ಅಪ್ಪಳಿಸುತ್ತದೆ.

ಇದನ್ನು ನೆನಪಿನಲ್ಲಿಟ್ಟುಕೊಂಡು ಸಿಂಹಳಕ್ಕೆ ಹೋಗೋಣ. ಎಲ್ಕ್ ಎಂಬ ಹೆಸರಿನಲ್ಲಿ ಕಡವೆಯ ಬೇಟೆಯಾಡಿ ಅದನ್ನು ಇಂಗ್ಲಿಷ್ ಸಾಹಿತ್ಯಕ್ಕೆ ತಂದವನು ಸ್ಯಾಮ್ಯುಯೆಲ್ ವೈಟ್ ಬೇಕರ್. ಮುಂದೆ 1864ರಲ್ಲಿ ಆಫ್ರಿಕದ ಆಲ್ಬರ್ಟ್ ಸರೋವರವನ್ನು ತಲುಪಿ ಹೆಸರಾದ ಅನ್ವೇಷಕ ಇವನೇ. ಯೌವನದಲ್ಲಿ ಸಿಂಹಳಕ್ಕೆ ಆನೆಬೇಟೆಗೆಂದು ಬಂದ. ಕೆಳನಾಡಿನಲ್ಲಿ ಜ್ವರ ಹಿಡಿದು ಬಡಕಲಾಗಿ, ಚೇತರಿಸಿಕೊಳ್ಳಲೆಂದು 6,200 ಅಡಿ ಎತ್ತರದ ನುವರ ಎಲಿಯಕ್ಕೆ ಹೋದ. ಹದಿನೈದು ದಿನಗಳ ತಂಪು ಹವೆಗೆ ಮನಸೋತು, ಇಲ್ಲಿಯೇ ಒಂದು ಇಂಗ್ಲಿಷ್ ಹಳ್ಳಿಯನ್ನು ಕಟ್ಟುತ್ತೇನೆಂದು ಹಟತೊಟ್ಟ. 1848ರಲ್ಲಿ ನೇಗಿಲು, ದನ, ಕುರಿ, ಬೇಟೆನಾಯಿಗಳು, ಒಕ್ಕಲು ಮನೆತನಗಳು, ಎಲ್ಲವನ್ನೂ ಹಡಗಿನಲ್ಲಿ ತುಂಬಿಕೊಂಡು ಮರಳಿಬಂದ. ಆ ಸಾಹಸದಲ್ಲಿ ನಗೆಪಾಟಲಿನ ಪ್ರಸಂಗಗಳು ಅನೇಕ. ಅವನ ಕುದುರೆಯಾಳು ಕುಡಿದ ಅಮಲಿನಲ್ಲಿ ಆನೆಯೊಂದನ್ನು ಘಟ್ಟದ ಏರಿನಲ್ಲಿ ಕುದುರೆಯಂತೆ ಓಡಿಸಿ ಕೊಂದೇಬಿಟ್ಟ. ಆಲೂಗಡ್ಡೆ ಹುಳುವಿನ ಪಾಲಾಯಿತು. 1855ರಲ್ಲಿ ಬೇಕರ್ ಸಿಂಹಳವನ್ನು ಬಿಟ್ಟ. ಆ ವೇಳೆಗೆ, 1854ರ ಮುದ್ರೆಯೊಡನೆ, ಸಿಂಹಳದಲ್ಲಿ ಕೋವಿ ಮತ್ತು ಬೇಟೆನಾಯಿ ಎಂಬ ಅರ್ಥದ ಹೆಸರಿನ ಅವನ ಪುಸ್ತಕ ಹೊರಬಂದಿತ್ತು.

ಈ ಪುಸ್ತಕವನ್ನು ನಾನು ಮೆಚ್ಚುಗೆಯಿಂದಲೂ ಕಸಿವಿಸಿಯಿಂದಲೂ ಓದಿದ್ದೇನೆ. ಮೆಚ್ಚುಗೆ ಏಕೆಂದರೆ, ದಟ್ಟಡವಿಯಲ್ಲಿ ಕಣ್ಣು ಕೆಲಸಕ್ಕೆ ಬಾರದು ಎಂಬುದನ್ನು ಬೇಕರ್ ಮೊದಲ ಪುಟಗಳಲ್ಲಿಯೇ ಒಪ್ಪಿಕೊಳ್ಳುತ್ತಾನೆ. ನುವರ ಎಲಿಯದ ಸುತ್ತಲ ಕಾಡು ಎತ್ತರದ ಮರಗಳದಲ್ಲ; ಗಾಳಿಗೆ ಗಿಡ್ಡಾದ, ಪಾಚಿಗಟ್ಟಿದ ಮರಗಳ ಕೆಳಗೆ ನೆಲು ಎಂಬ ಪೊದೆ ಆಳೆತ್ತರಕ್ಕೆ ಹೆಣೆದುಕೊಂಡ ಕಾಡು. ನಮ್ಮ ಘಟ್ಟಗಳಲ್ಲಿ ಗುರಿಗೆಯೆಂದೂ ಕುರಿಂಜಿಯೆಂದೂ ಕರೆಯುವ, ಹಲವು ವರ್ಷಗಳಿಗೊಮ್ಮೆ ಒಟ್ಟಿಗೆ ಹೂಬಿಡುವ ಗಿಡಗಳ ಬಳಗವೇ ಅದು. ಅದರೊಳಗೆ ಕಡವೆ ಹತ್ತು ಮಾರು ದೂರದಲ್ಲಿದ್ದರೂ ಕಾಣದು. ಬೇಕರ್ ಅಲ್ಲಿ ಕಡವೆಗೆ ಕೋವಿ ಒಯ್ಯುತ್ತಿರಲಿಲ್ಲ. ಗುಂಡು ಹೊಡೆಯುವುದು ಆಟಕ್ಕೆ ಕುಂದೆಂದು ಬಗೆದಿದ್ದ. ಸೊಂಟದಲ್ಲಿ ಒಂದಡಿ ಅಲಗಿನ ಭಾರವಾದ ಚೂರಿ, ಮುಂದೆ ನಾಯಿಗಳ ಹಿಂಡು.

ಬೇಟೆ ನಸುಕಿನಲ್ಲಿ ತೊಡಗುತ್ತಿತ್ತು. ರಾತ್ರಿ ಹುಲ್ಲುಬಯಲಿನಲ್ಲಿ ಮೇದ ಕಡವೆ ಕಾಡು ಹೊಕ್ಕಿರುತ್ತದೆ. ಇಬ್ಬನಿಯ ಮೇಲೆ ಅದರ ವಾಸನೆ ಇನ್ನೂ ಆರಿರುವುದಿಲ್ಲ. ನಾಯಿಗಳು ಜಾಡು ಹಿಡಿದು ಕಾಡಿಗೆ ನುಗ್ಗಿದ ಮೇಲೆ ಬೇಟೆಗಾರನಿಗೆ ಉಳಿಯುವುದು ಕಿವಿ ಮಾತ್ರ. ಅವನು ಗುಡ್ಡದ ನೆತ್ತಿಯ ಮೇಲೆ ಉಸಿರು ಹಿಡಿದು ನಿಲ್ಲುತ್ತಾನೆ. ಕೂಗು ಒಂದು ಕಣಿವೆಯಲ್ಲಿ ಕೇಳಿ, ಅಡಗಿ, ಮತ್ತೊಂದು ಕಣಿವೆಯಲ್ಲಿ ಏಳುತ್ತದೆ. ಓಡುತ್ತಿರುವ ನಾಯಿಯ ಕೂಗು ಬೇರೆ. ಮೃಗವು ತಿರುಗಿ ನಿಂತಾಗ ನಾಯಿ ಬೊಗಳುವ ರೀತಿ ಬೇರೆ. ಆ ಎರಡನೆಯ ಸದ್ದು ಕಿವಿಗೆ ಬಿದ್ದೊಡನೆ ದಿಕ್ಕು ನಿರ್ಧರಿಸಿ, ಮುಳ್ಳು, ಇಂಬಳ, ಬಂಡೆ, ಕಂದರ ಯಾವುದನ್ನೂ ಲೆಕ್ಕಿಸದೆ ಓಡಬೇಕು. ತಡವಾದರೆ ನಾಯಿಗಳು ಸಾಯುತ್ತವೆ. ಕಡವೆ ನಿಲ್ಲುತ್ತಿದ್ದುದು ಬಹುಪಾಲು ನೀರಿನಲ್ಲಿ. ಜಲಪಾತದ ನೆತ್ತಿಯ ಬಂಡೆಗಳ ನಡುವೆಯೋ ಕೊರಕಲಿನ ಮಡುವಿನಲ್ಲಿಯೋ. ಸಿಂಹಳದ್ವೀಪದಲ್ಲಿ ಸೀಳುನಾಯಿಗಳಿಲ್ಲ. ಆದರೂ ಅಲ್ಲಿಯ ಕಡವೆ ಇಂಗ್ಲಿಷ್ ನಾಯಿಗಳ ಮುಂದೆ, ನಮ್ಮ ಕಡವೆ ಸೀಳುನಾಯಿಗಳ ಮುಂದೆ ಹೇಗೋ, ಹಾಗೆಯೇ ನಡೆದುಕೊಂಡಿತು. ಬೇಕರ್ ಹೊಸದೊಂದು ಕ್ರೀಡೆಯನ್ನು ಆ ದ್ವೀಪಕ್ಕೆ ತಂದೆನೆಂದು ತಿಳಿದಿದ್ದ. ಮೃಗದ ಪಾಲಿಗೆ ಅದು ಬಹಳ ಹಳೆಯ ಹಗೆಯೊಂದರ ಮರುದರ್ಶನವಾಗಿತ್ತು ಎಂದು ನನಗನ್ನಿಸುತ್ತದೆ.

ಇನ್ನು ಕಸಿವಿಸಿಯ ಮಾತು. ಬೇಕರನ ಪುಟಗಳಲ್ಲಿ ನಾಯಿಗಳಿಗೆ ಒಂದೊಂದಕ್ಕೂ ಹೆಸರಿದೆ. ಸ್ಮಟ್, ಕಿಲ್‌ಬಕ್, ಬ್ರಾನ್, ಲೀನಾ. ಅವುಗಳ ತಾಯಿತಂದೆ, ತಳಿ, ಗುಣ, ಗಾಯ, ಮರಣ ಎಲ್ಲವೂ ಸಂತಾಪದೊಡನೆ ದಾಖಲಾಗಿವೆ. ಡೇರೆ, ಅಕ್ಕಿ, ಮಾಂಸ ಇವನ್ನು ಹೊತ್ತು ಅದೇ ಕಾಡಿನಲ್ಲಿ ಅದೇ ಮಳೆಯಲ್ಲಿ ನಡೆದವರು ಬಹುಮಟ್ಟಿಗೆ ‘ಕೂಲಿಗಳು’. ಎಷ್ಟು ಜನ ಎಂಬ ಎಣಿಕೆ ಸಿಕ್ಕೀತು, ಹೆಸರು ಸಿಕ್ಕುವುದು ಅಪರೂಪ.

ನಾಯಿಗೆ ಹೆಸರಿಟ್ಟು ಗೌರವಿಸುವುದರಲ್ಲಿ ತಪ್ಪೇನೂ ಇಲ್ಲ. ಆ ಮರ್ಯಾದೆ ಕನ್ನಡನಾಡಿಗೆ ಬೇಕರನಿಗಿಂತ ಒಂಬೈನೂರು ವರ್ಷ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಬಲ್ಲವರು ಬಲ್ಲರು. 949-50ರ ಆ ಕಲ್ಲು ತಕ್ಕೋಲದ ಕಾಳಗವನ್ನು ಹೇಳುವ ಚರಿತ್ರೆಯ ದೊಡ್ಡ ದಾಖಲೆ. ಅದೇ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯೂ ಇದೆ. ಗಂಗ ಬೂತುಗನ ವೀರ ಮಣಲೆರನು ರಾಷ್ಟ್ರಕೂಟ ಕೃಷ್ಣನಿಂದ ಬಹುಮಾನವಾಗಿ ಬೇಡಿ ಪಡೆದ ನಾಯಿ ಅದು. ಒಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೆರನು ಕಲ್ಲು ನೆಡಿಸಿ ಅದರ ಪೂಜೆಗೆ ಭೂಮಿ ಬಿಟ್ಟ. ಶಾಸನದ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ಇಂದಿಗೂ ಸೆಣಸುತ್ತಿವೆ. ಅರಸರ ಹೆಸರುಗಳ ನಡುವೆ ನಾಯಿಗೊಂದು ಹೆಸರು ದಕ್ಕಿದ್ದು ಸಂತೋಷದ ಸಂಗತಿ. ಆದರೆ ಆ ದಿನ ಪೊದೆಯಿಂದ ಹಂದಿಯನ್ನು ಎಬ್ಬಿಸಿದವರು ಯಾರೆಂದು ಆತಕೂರಿನ ಕಲ್ಲೂ ಹೇಳುವುದಿಲ್ಲ.

ನಮ್ಮ ಕಾವ್ಯಗಳ ಬೇಟೆಯೂ ಹೆಚ್ಚುಕಡಮೆ ಹಾಗೆಯೇ. ಹಳಗನ್ನಡದಲ್ಲಿ ಬೇಟವೆಂದರೆ ಪ್ರಣಯ, ಬೇಂಟೆಯೆಂದರೆ ಮೃಗಯೆ. ಒಂದು ಬಿಂದುವಿನಷ್ಟೇ ಅಂತರ. ಆ ಕಾಲದ ಕವಿಗಳು ಎರಡನ್ನೂ ಅಷ್ಟೇ ಉತ್ಸಾಹದಿಂದ ವರ್ಣಿಸಿದರು. ಪಂಪನು ಖಾಂಡವದಹನಕ್ಕೆ ಮುನ್ನ ಅರ್ಜುನನನ್ನು ಬೇಂಟೆಗೆ ಕಳಿಸುತ್ತಾನೆ. ರಾಘವಾಂಕನ ಹರಿಶ್ಚಂದ್ರನ ಕಷ್ಟಗಳಿಗೆ ಬಾಗಿಲು ತೆರೆಯುವುದೇ ಬೇಟೆ. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮೃಗಯಾವಿನೋದವೂ ನಾಯಿಗಳನ್ನು ಕುರಿತ ಸಾರಮೇಯವಿನೋದವೂ ಇವೆ. ಇವುಗಳಲ್ಲಿ ಬೇಡಪಡೆಯ ಸಂಭ್ರಮ, ಬಲೆ, ದೀವದ ಮೃಗ, ನಾಯಿಗಳ ಬಣ್ಣ ಎಲ್ಲವೂ ಬರುತ್ತವೆ. ಆದರೆ ಮೃಗ ಯಾವಾಗಲೂ ಅರಸನ ಕಣ್ಣೆದುರಿಗೇ ಬಂದು ನಿಲ್ಲುತ್ತದೆ. ಕವಿಸಮಯದ ಕಾಡಿನಲ್ಲಿ ಪೊದೆ ಅಡ್ಡಬರುವುದಿಲ್ಲ.

ಕಾಣದ ಮೃಗದ ಬೇಟೆಗೆ ಬೇಕಾದ ಮಾತು ಬೆಳೆದದ್ದು ಕಾವ್ಯದಲ್ಲಲ್ಲ, ಮಲೆನಾಡಿನ ಆಡುನುಡಿಯಲ್ಲಿ. ಅಲ್ಲಿ ಬೇಟೆಯ ತಂಡ ಎರಡಾಗಿ ಒಡೆಯುತ್ತಿತ್ತು. ಕೋವಿ ಹಿಡಿದು ಮೃಗ ಹಾಯುವ ಕಂಡಿಗಳಲ್ಲಿ ಕಾದು ಕೂರುವವರು ಬಿಲ್ಲಿನವರು. ನಾಯಿಗಳೊಡನೆ ಪೊದೆಗಾಡಿಗೆ ನುಗ್ಗಿ ಸೋವುವವರು ಹಳುವಿನವರು. ಬಿಲ್ಲು ಬಾಣ ಹೋಗಿ ಕೇಪಿನ ಕೋವಿ ಬಂದು ಎಷ್ಟೋ ತಲೆಮಾರುಗಳಾದ ಮೇಲೂ ಆ ಜಾಗಕ್ಕೆ ಬಿಲ್ಲು ಎಂಬ ಹೆಸರು ನಿಂತಿತ್ತು. ಹಣ್ಣುದುರುವ ಮರದ ಮೇಲೆ ರಾತ್ರಿ ಸದ್ದಿಲ್ಲದೆ ಕಾಯುವುದಕ್ಕೆ ಮರಸು ಎಂದು ಬೇರೊಂದು ಮಾತು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಈ ಲೋಕ ಅಪರಿಚಿತವಲ್ಲ. ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಗೂ ಹೆಸರಿದೆ, ಅವನ ನಾಯಿ ಹುಲಿಯನಿಗೂ ಹೆಸರಿದೆ. ಹಳು ನುಗ್ಗುವಂಥವನು ಹೆಸರು ಹೊತ್ತು ನಮ್ಮ ಸಾಹಿತ್ಯದ ನಡುಮನೆಗೆ ಬಂದುದು ಆಗ.

ಹಳುವಿಗೆ ಹೋಗುತ್ತಿದ್ದ ಹಿರಿಯರೊಬ್ಬರ ಪರಿಚಯ ನನಗಿತ್ತು. ಅವರ ಮಾತಿನಲ್ಲಿ ಮೃಗದ ಗಾತ್ರ, ಕೊಂಬಿನ ಅಳತೆ, ಯಾರ ಈಡು ತಾಗಿತು ಎಂಬ ಸುದ್ದಿ ಕಡಮೆ. ಬೆಳಿಗ್ಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಗೊರಸಿನ ಗುರುತಿನ ಅಂಚು ಕುಸಿದಿತ್ತೆ ಇಲ್ಲವೆ, ಅದರೊಳಗೆ ನೀರು ಒಸರಿತ್ತೆ, ಕೆಸರಿನ ಹೊರಳುಗುಂಡಿಯ ಪಕ್ಕದ ಮರಕ್ಕೆ ಮೈಯುಜ್ಜಿದ ಮಣ್ಣು ಹಸಿಯೋ ಒಣಗಿದ್ದೋ, ಹಕ್ಕಿ ಏಕೆ ಸುಮ್ಮನಾಯಿತು, ಇಂಥವೇ ಹೆಚ್ಚು. ಕಡವೆಯನ್ನು ಎಷ್ಟು ಬಾರಿ ಚೆನ್ನಾಗಿ ನೋಡಿದ್ದೀರಿ ಎಂದು ಕೇಳಿದ್ದಕ್ಕೆ, “ಸತ್ತ ಮೇಲೆ ನೋಡಿದ್ದೇ ಸೈ” ಎಂದರು. ಕಾಣದೆಯೇ ಒಂದು ಪ್ರಾಣಿಯನ್ನು ಅಷ್ಟು ಬಲ್ಲವರಾಗಿದ್ದರು. ಬೇಟೆ ಮುಗಿದ ಮೇಲೆ ಮಾಂಸವನ್ನು ಪಾಲು ಹಾಕುವ ಕಟ್ಟಳೆ ಮಲೆನಾಡು, ಕೊಡಗು ಎರಡರಲ್ಲಿಯೂ ಇತ್ತು: ಈಡು ತಾಗಿಸಿದವನಿಗೆ ಹೆಚ್ಚಿನ ಭಾಗ, ಹಳುವಿನವರಿಗೆ ಅವರವರ ಪಾಲು, ನಾಯಿಗೂ ಒಂದು ಪಾಲು. ಆ ಹಂಚಿಕೆಯಲ್ಲಿ ಜಾತಿಯ ಮೇಲುಕೀಳು ಇರಲಿಲ್ಲವೆಂದಲ್ಲ. ಬಿಲ್ಲಿಗೆ ಕೂರುವವನು ಸಾಮಾನ್ಯವಾಗಿ ಒಡೆಯ, ಹಳುವಿಗೆ ನುಗ್ಗುವವನು ಆಳು. ಆದರೂ ಯಾರು ಏನು ಮಾಡಿದರೆಂಬುದು ಅಂದಿನ ಮಟ್ಟಿಗೆ ಎಲ್ಲರೆದುರು ಲೆಕ್ಕಕ್ಕೆ ಬರುತ್ತಿತ್ತು. ಜಿ.ಪಿ. ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಕಾಲುವೆಗಳ ಅಧಿಕಾರಿಯಾಗಿದ್ದು, ಆನೆಗಳ ಖೆಡ್ಡಾ ನಡೆಸಿ, 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜಾಡು ಹಿಡಿಯುವ ವಿದ್ಯೆಯನ್ನು ಮನಸಾರೆ ಹೊಗಳುತ್ತಾನೆ. ಆ ಕಾಲದ ದೊರೆಗಳ ಬೇಟೆಪುಸ್ತಕಗಳಲ್ಲಿ ಇಷ್ಟು ನ್ಯಾಯ ಸಾಮಾನ್ಯವಲ್ಲ.

ಕಡವೆಯ ಕಾಡಿಗೆ ನಿಜವಾದ ಏಟು ಬಿದ್ದುದು ಬೇಕರನ ಚೂರಿಯಿಂದಲೂ ಅಲ್ಲ, ಹಳುವಿನವರ ನಾಯಿಗಳಿಂದಲೂ ಅಲ್ಲ. ಅವನು ನುವರ ಎಲಿಯದಲ್ಲಿ ಬೇಟೆಯಾಡುತ್ತಿದ್ದಾಗಲೇ ಅದಕ್ಕೂ ಕೆಳಗಿನ ಬೆಟ್ಟಗಳಲ್ಲಿ ಕಾಫಿಗಾಗಿ ಕಾಡು ಕಡಿಯುತ್ತಿದ್ದರು. ಕಡಿಯುವ ಕ್ರಮ ವಿಚಿತ್ರವಾದದ್ದು. ಇಳಿಜಾರಿನ ತಳದಿಂದ ಮೇಲಕ್ಕೆ ಸಾಲುಸಾಲಾಗಿ ಪ್ರತಿಯೊಂದು ಮರವನ್ನೂ ಅರ್ಧ ಮಾತ್ರ ಕಡಿದು ನಿಲ್ಲಿಸಿಹೋಗುವುದು. ಕೊನೆಗೆ ನೆತ್ತಿಯ ಸಾಲಿನ ಮರಗಳನ್ನು ಪೂರ್ತಿ ಕಡಿದು ಕೆಡಹಿದರೆ, ಅವು ತಮ್ಮ ಕೆಳಗಿನವುಗಳ ಮೇಲೆ, ಅವು ಮತ್ತೆ ಕೆಳಗಿನವುಗಳ ಮೇಲೆ ಬಿದ್ದು, ಬಳ್ಳಿಗಳ ಸೆಳೆತವೂ ಸೇರಿ, ಇಡೀ ಗುಡ್ಡದ ಕಾಡು ಒಂದೇ ಗಳಿಗೆಯಲ್ಲಿ ಸಿಡಿಲಿನ ಸದ್ದಿನೊಡನೆ ಮಗ್ಗುಲಾಗುತ್ತಿತ್ತು. ಒಣಗಿದ ಮೇಲೆ ಬೆಂಕಿ. ಇದನ್ನು ಓದಿದಾಗ ನನಗೆ ಸೀಸರನ ಎಲ್ಕ್ ಕಥೆ ನೆನಪಾಗಿ, ಆಗ ಬಂದ ನಗು ಈಗ ಬರಲಿಲ್ಲ. ಮೃಗವನ್ನು ಬೀಳಿಸಲು ಅದು ಒರಗುವ ಮರವನ್ನು ಅರೆ ಕಡಿದು ನಿಲ್ಲಿಸುವ ಕಟ್ಟುಕಥೆ ಹತ್ತೊಂಬತ್ತು ಶತಮಾನಗಳ ತರುವಾಯ, ಆ ಹೆಸರಿನ ಬೇರೊಂದು ಮೃಗದ ನಾಡಿನಲ್ಲಿ, ಯಾರೂ ಉದ್ದೇಶಿಸದೆಯೇ ನಿಜವಾಗಿತ್ತು. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿಯ ಗುಡ್ಡಗಳೂ ಒಂದು ಕಾಲಕ್ಕೆ ಕಾಡೇ ಆಗಿದ್ದವು. ನಾವು ನೆರಳಿಗೆಂದು ಒಂದಷ್ಟು ಮರಗಳನ್ನಾದರೂ ಉಳಿಸಿಕೊಂಡೆವು. ಸಿಂಹಳದ ಕಾಫಿಗೆ 1869ರಲ್ಲಿ ತುಕ್ಕುರೋಗ ತಗುಲಿತು. ಅನಂತರದ ಎರಡು ದಶಕಗಳಲ್ಲಿ ಕಾಫಿ ಹೋಗಿ ಚಹಾ ಬಂತು, ಕಾಡು ಮರಳಲಿಲ್ಲ. ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರನ ಸಲಹೆಯ ಮೇರೆಗೆ 1873ರಲ್ಲಿ 5,000 ಅಡಿಗಿಂತ ಮೇಲಿನ ಕಾಡನ್ನು ಕಡಿಯಬಾರದೆಂಬ ಆಜ್ಞೆ ಹೊರಟಿತು. ಉಳಿದದ್ದು ಅದರಿಂದ ಉಳಿಯಿತು.

ಮೃಗಗಳು ಕಡಮೆಯಾಗುತ್ತಿವೆ ಎಂಬುದನ್ನು ಬೇಟೆಗಾರ ದೊರೆಗಳೂ ಕಂಡುಕೊಂಡರು. ನೀಲಗಿರಿಯಲ್ಲಿ 1877ರಲ್ಲಿ ಬೇಟೆಯ ಪ್ರಾಣಿಗಳ ರಕ್ಷಣೆಗೆಂದು ಅವರದೇ ಒಂದು ಸಂಘವೂ, 1879ರಲ್ಲಿ ಮದ್ರಾಸು ಸರ್ಕಾರದ ಕಾಯಿದೆಯೂ ಬಂದವು. ಸಿಂಹಳದಲ್ಲಿ 1894ರಲ್ಲಿ ಅಂಥದೇ ಸಂಘ. ಬೇಟೆಗೆ ಪರವಾನಗಿ, ಋತುವಿನ ಕಟ್ಟು ಬಂದವು. ಕಾಯಿದೆ ಬೇಕಾಗಿತ್ತು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದು ಬಂದ ಬಗೆಯನ್ನು ನೋಡಿ. ಪರವಾನಗಿಯುಳ್ಳವನು ಆಡಿದ್ದು ಕ್ರೀಡೆ. ಬಲೆ, ಉರುಲು ಹಿಡಿದು ಹೊಟ್ಟೆಗೆಂದು ಹೋದವನು ಮಾಡಿದ್ದು ಕಳ್ಳಬೇಟೆ. ಜಾಡು ತೋರಿಸಲು ಬೆಳಿಗ್ಗೆ ಕರೆದುಕೊಂಡು ಹೋದವನನ್ನೇ ಸಂಜೆ ಅಪರಾಧಿಯೆಂದು ಹಿಡಿಯಬಹುದಾದ ಸ್ಥಿತಿ ಅದು. ಆ ಪುಸ್ತಕಗಳ ಪುಟಗಳಲ್ಲಿ ಹೆಸರಿಲ್ಲದವನಿಗೆ ಮೊದಲ ಬಾರಿ ಹೆಸರು ಬಂದದ್ದು ಬಹುಶಃ ಠಾಣೆಯ ದಫ್ತರದಲ್ಲಿ.

ಸ್ವತಂತ್ರ ಭಾರತದ ಕಾಯಿದೆ 1972ರಲ್ಲಿ ಬಂದು, ಕಾಲಕ್ರಮದಲ್ಲಿ ಕ್ರೀಡೆ, ಕಳ್ಳಬೇಟೆ ಎಂಬ ಭೇದವನ್ನು ಅಳಿಸಿತು. ಒಡೆಯನಿಗೂ ಆಳಿಗೂ ಒಂದೇ ನಿಷೇಧ. ಇದು ಒಳ್ಳೆಯದಾಯಿತು. ಕಡವೆಯನ್ನು 2008ರಿಂದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯದಂಚಿನ ಪ್ರಾಣಿಗಳ ಸಾಲಿಗೆ ಸೇರಿಸಿದ್ದಾರೆ ಎಂಬುದನ್ನು ನೋಡಿದರೆ ನಿಷೇಧ ಇನ್ನೂ ಮೊದಲೇ ಬರಬೇಕಿತ್ತೆನ್ನಬೇಕು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಸೋಲಿಗರ ಬೇಟೆ ಅಲ್ಲಿಗೆ ನಿಂತಿತು. 2011ರಲ್ಲಿ, ಆ ಬೆಟ್ಟ ಹುಲಿಗಳ ರಕ್ಷಿತಾರಣ್ಯವಾದ ವರ್ಷವೇ, ಜೇನು, ನೆಲ್ಲಿಕಾಯಿಗಳಂಥ ಕಾಡಿನ ಉತ್ಪನ್ನಗಳ ಮೇಲೆ ಸೋಲಿಗರ ಸಾಮೂಹಿಕ ಹಕ್ಕನ್ನು ಸರ್ಕಾರ ಮಾನ್ಯಮಾಡಿತು. ಬೇಟೆ ಆ ಹಕ್ಕಿನಲ್ಲಿ ಸೇರಿಲ್ಲ. ಸೇರಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಗೊರಸಿನ ಅಂಚು ನೋಡಿ ಗಳಿಗೆ ಹೇಳುವ ವಿದ್ಯೆ ಬೇಟೆಯ ಜೊತೆಗೇ ಬೆಳೆದದ್ದು. ಬೇಟೆ ನಿಂತ ಮೇಲೆ ಅದನ್ನು ಮೊಮ್ಮಕ್ಕಳಿಗೆ ಕಲಿಸುವ ಸಂದರ್ಭ ಯಾವುದು? ಅರಣ್ಯ ಇಲಾಖೆಯ ಕಾವಲುಗಾರರಾಗಿ, ಪ್ರಾಣಿಗಣತಿಯ ಸಹಾಯಕರಾಗಿ ಕೆಲವರು ಅದನ್ನು ಉಳಿಸಿಕೊಂಡಿದ್ದಾರೆ. ಬೇಕರನ ಪುಸ್ತಕ ಮತ್ತೆ ಮತ್ತೆ ಅಚ್ಚಾಗಿದೆ. ಹಳುವಿನವರ ವಿದ್ಯೆ ಅಚ್ಚಿಗೆ ಬಂದುದು ತೀರ ಅಲ್ಪ. ನಮ್ಮ ಜಾನಪದ ಸಂಗ್ರಾಹಕರು ಹಾಡುಗಳನ್ನು ಬಹಳ ಶ್ರಮಪಟ್ಟು ಕೂಡಿಸಿದರು. ಬೇಟೆಯ ಮಾತುಗಳನ್ನು, ಜಾಡಿನ ಲಕ್ಷಣಗಳನ್ನು, ನಾಯಿಯ ಕೂಗಿನ ಭೇದಗಳನ್ನು ಬರೆದಿಡುವ ಕೆಲಸ ಬಹುಪಾಲು ಹಾಗೆಯೇ ಉಳಿದಿದೆ. ಅವನ್ನು ಬಲ್ಲ ಮುದುಕರು ಮಲೆನಾಡಿನ ಹಳ್ಳಿಗಳಲ್ಲಿ ಈಗ ಬೆರಳೆಣಿಕೆಯಷ್ಟು.

ನುವರ ಎಲಿಯಕ್ಕೆ ದಕ್ಷಿಣದ ಎತ್ತರದ ಹುಲ್ಲುಬಯಲಿಗೆ ಹಾರ್ಟನ್ ಪ್ಲೇನ್ಸ್ ಎಂದು ಹೆಸರು. ಇದು 1834ರಲ್ಲಿ ಅಂದಿನ ಗವರ್ನರನ ಹೆಸರಿನಿಂದ ಬಂದದ್ದು. ಅಲ್ಲಿಯ ಒಂದು ಜಲಪಾತಕ್ಕೆ ಬೇಕರನ ಹೆಸರಿದೆ. 1969ರಲ್ಲಿ ರಕ್ಷಿತ ಪ್ರದೇಶವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಬಯಲು 2010ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಒಂದು ಕಾಲದಲ್ಲಿ ತೋಟದ ದೊರೆಗಳು ನಾಯಿಗಳೊಡನೆ ಬಂದು ತಂಗುತ್ತಿದ್ದ ಫಾರ್ ಇನ್ ಎಂಬ ಬೇಟೆಯ ಬಂಗಲೆ ಈಗ ಸಂದರ್ಶಕರ ಮಾಹಿತಿಕೇಂದ್ರ. ಸಂಜೆಯ ಮಂಜು ಇಳಿಯುವ ಹೊತ್ತಿಗೆ ಕಡವೆಗಳು ಕಾಡಿನಂಚಿನಿಂದ ಹೊರಟು ಬಯಲಿನಲ್ಲಿ ಗುಂಪಾಗಿ ಮೇಯುತ್ತವೆ. ನಮ್ಮ ಘಟ್ಟಗಳಲ್ಲಿ ಅಷ್ಟು ಸಲೀಸಾಗಿ ಅವು ಕಣ್ಣಿಗೆ ಬೀಳುವುದಿಲ್ಲ. ತಿಂಡಿಯ ರುಚಿ ಹತ್ತಿದ ಕೆಲವು ಗಂಡುಗಳು ಪ್ರವಾಸಿಗರ ಕಾರುಗಳ ಬಳಿಗೇ ಬಂದು ಕಿಟಕಿಗೆ ಮೂತಿ ಚಾಚುವುದೂ ಉಂಟು. ಅಲ್ಲಿಯ ಮಕ್ಕಳು ಅವನ್ನು ಗೋನಾ ಎಂದು ಕೂಗಿ ಕರೆಯುತ್ತಾರೆ.